ನಾಲ್ಕು ಸೀಟು ಒಟ್ಟಿಗೆ ಬೇಕು: ಮೈಲುಗಳ ಮೇಲೆ ಕುಟುಂಬದೊಂದಿಗೆ ದೂರದ ವಿಮಾನ ಪ್ರಯಾಣ, ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಅಕ್ಕನ ಸಂಸಾರ ಅಮೆರಿಕದಲ್ಲಿದೆ. ನಾವು ನಾಲ್ವರು, ಒಮ್ಮೊಮ್ಮೆ ಅಪ್ಪ ಅಮ್ಮನೂ ಸೇರಿ ಆರು ಜನ, ಬೆಂಗಳೂರಿನಿಂದ ಅಲ್ಲಿಗೆ ಹೋಗಿಬಂದ ಪ್ರಯಾಣಗಳಲ್ಲಿ ಮೂರು ಪ್ರಯಾಣಗಳು ಮೈಲುಗಳ ಮೇಲೆ, ಅಂದರೆ ವಿಮಾನ ಕಂಪನಿಗಳು ಗಿರಾಕಿಗಳ ಖಾತೆಗೆ ಹಾಕುವ, ಹಣದ ಬದಲು ಟಿಕೆಟ್‌ಗೆ ಕೊಡಬಹುದಾದ ಪಾಯಿಂಟ್‌ಗಳ ಮೇಲೆ ನಡೆದವು. ಇದು ಗೊತ್ತಾದ ಮೇಲೆ ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕ ಕುಳಿತವರೂ ಇದೇ ವಿಷಯ ಕೇಳತೊಡಗಿದರು. ಕೇಳಿದವರಿಗೆಲ್ಲ ಹೇಳಿದ್ದನ್ನು ಇಲ್ಲಿ ಒಂದೆಡೆ ಬರೆದಿದ್ದೇನೆ. ಕಂಪನಿಗಳು ನಿಯಮ ಬದಲಿಸುತ್ತಲೇ ಇರುತ್ತವೆ. ಹಣ ಕಟ್ಟುವ ದಿನ ಅವರ ಜಾಲತಾಣವನ್ನು ಒಮ್ಮೆ ನೋಡಿಯೇ ಮುಂದುವರಿಯಿರಿ.

ಮೈಲು ಎಂದರೆ ಹಾರಿದ ದೂರವೇ?

ಮೊದಲು ಹಾಗೆಯೇ ಇತ್ತು. 1981ರ ಮೇ ತಿಂಗಳಲ್ಲಿ ಅಮೆರಿಕನ್ ಏರ್‌ಲೈನ್ಸ್ ತನ್ನ ಮೈಲು ಯೋಜನೆ ಆರಂಭಿಸಿದಾಗ ಹಾರಿದ ದೂರವನ್ನೇ ಲೆಕ್ಕ ಹಾಕುತ್ತಿದ್ದರು. ಕೆಲವೇ ದಿನಗಳಲ್ಲಿ ಯುನೈಟೆಡ್ ಕೂಡ ಹಿಂಬಾಲಿಸಿತು. ಈಗ ಬಹುತೇಕ ದೊಡ್ಡ ಕಂಪನಿಗಳಲ್ಲಿ ನೀವು ಕೊಟ್ಟ ಹಣಕ್ಕೆ ತಕ್ಕಷ್ಟು ಮೈಲು ಬರುತ್ತದೆ. ಅಗ್ಗದ ಟಿಕೆಟ್ ಕೊಂಡು ಸುಮಾರು 14,000 ಕಿಲೋಮೀಟರ್ ದೂರದ ಸ್ಯಾನ್ ಫ್ರಾನ್ಸಿಸ್ಕೋಗೆ ಹೋದರೂ ಖಾತೆಗೆ ಬೀಳುವುದು ಚಿಲ್ಲರೆ. ಹೆಸರು ಮಾತ್ರ ಮೈಲು ಎಂದೇ ಉಳಿದಿದೆ.

ಅಂಗಡಿಯವನೇ ಅಚ್ಚು ಹಾಕಿ ಕೊಟ್ಟ ಚೀಟಿ ಎಂದುಕೊಂಡರೆ ಸರಿಯಾಗಿ ಅರ್ಥವಾಗುತ್ತದೆ. ಆ ಚೀಟಿಗೆ ಎಷ್ಟು ಅಕ್ಕಿ ಅಳೆದು ಕೊಡಬೇಕು ಎಂಬುದನ್ನು ನಾಳೆ ಬೆಳಿಗ್ಗೆ ಬದಲಿಸುವ ಹಕ್ಕೂ ಅವನದೇ. ಆದ್ದರಿಂದ ಮಗಳ ಮದುವೆಗೆ ಚಿನ್ನ ಕೂಡಿಟ್ಟಂತೆ ಮೈಲು ಕೂಡಿಡಬಾರದು.

ಮೈಲು ಕೊಟ್ಟರೆ ಟಿಕೆಟ್ ಪೂರ್ತಿ ಉಚಿತವೇ?

ಅಲ್ಲ. ವಿಮಾನ ನಿಲ್ದಾಣದ ಶುಲ್ಕ ಮತ್ತು ಸರ್ಕಾರಿ ತೆರಿಗೆಗಳನ್ನು ಎಲ್ಲರೂ ಕೊಡಬೇಕು. ಅದರ ಮೇಲೆ ಕೆಲವು ಕಂಪನಿಗಳು ಇಂಧನದ ಹೆಸರಿನಲ್ಲಿ ಇನ್ನೊಂದು ಮೊತ್ತ ಸೇರಿಸುತ್ತವೆ. ಪೆಟ್ಟು ಬೀಳುವುದು ಅಲ್ಲಿ. ಒಬ್ಬರಿಗೆ 25,000 ರೂಪಾಯಿ ಎಂದರೆ ನಾಲ್ವರಿಗೆ ಒಂದು ಲಕ್ಷವಾಯಿತು. "ಉಚಿತ" ಟಿಕೆಟ್‌ಗೆ ಲಕ್ಷ ರೂಪಾಯಿ ಕೊಟ್ಟು ಸುಮ್ಮನಾದವರನ್ನು ನಾನು ಕಂಡಿದ್ದೇನೆ.

ಈ ಮೊತ್ತ ಎಷ್ಟು ಎಂಬುದು ನೀವು ಹತ್ತುವ ವಿಮಾನದ ಜೊತೆಗೆ, ಯಾವ ಯೋಜನೆಯ ಮೈಲು ಕೊಡುತ್ತೀರಿ ಎಂಬುದನ್ನೂ ಅವಲಂಬಿಸಿದೆ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ಹೋಗುವ ಅದೇ ಲುಫ್ತಾನ್ಸಾ ವಿಮಾನದ ಅದೇ ಸೀಟಿಗೆ ಲುಫ್ತಾನ್ಸಾದ ಸ್ವಂತ ಮೈಲು ಕೊಟ್ಟರೆ ಈ ಹೆಚ್ಚುವರಿ ಹಣ ಬೀಳುತ್ತದೆ. ಏರ್ ಕೆನಡಾದ ಏರೋಪ್ಲಾನ್ ಪಾಯಿಂಟ್ ಕೊಟ್ಟರೆ ಬೀಳುವುದಿಲ್ಲ. ಏರೋಪ್ಲಾನ್ 2020ರ ನವೆಂಬರ್‌ನಲ್ಲಿಯೇ ಆ ವಸೂಲಿ ನಿಲ್ಲಿಸಿ, ಬೇರೆ ಕಂಪನಿಯ ವಿಮಾನವಿದ್ದ ಟಿಕೆಟ್‌ಗೆ 39 ಕೆನಡಾ ಡಾಲರ್ ಮಾತ್ರ ತೆಗೆದುಕೊಳ್ಳುತ್ತದೆ.

ಲಂಡನ್ ಮೂಲಕ ಹೋಗುವವರಿಗೆ ಇನ್ನೊಂದು ಮಾತು. ಬ್ರಿಟನ್ನಿನಿಂದ ಹೊರಡುವವರ ಮೇಲೆ ಅಲ್ಲಿನ ಸರ್ಕಾರ ಪ್ರಯಾಣಿಕ ಸುಂಕ ಹಾಕುತ್ತದೆ. ಒಂದೇ ಟಿಕೆಟ್‌ನಲ್ಲಿ 24 ಗಂಟೆಯೊಳಗೆ ಮುಂದಿನ ವಿಮಾನ ಹಿಡಿದರೆ ಸುಂಕವಿಲ್ಲ. "ಹೇಗೂ ಹೋಗುತ್ತಿದ್ದೇವೆ, ಎರಡು ದಿನ ಲಂಡನ್ ನೋಡೋಣ" ಎಂದು ನಿಂತರೆ ಕಟ್ಟಬೇಕು. 16 ವರ್ಷದೊಳಗಿನ ಮಕ್ಕಳಿಗೆ ಎಕಾನಮಿಯಲ್ಲಿ ಮಾತ್ರ ವಿನಾಯಿತಿ ಉಂಟು.

ಖಾತೆಯಲ್ಲಿ ನಾಲ್ವರಿಗೂ ಸಾಕಾಗುವಷ್ಟು ಮೈಲು ಇವೆ. ಆದರೂ ಸೀಟು ಕಾಣುತ್ತಿಲ್ಲವಲ್ಲ?

ಇಡೀ ವ್ಯವಹಾರದ ಗಂಟು ಇದೇ. ಮೈಲು ಸೇರಿಸುವುದು ತಾಳ್ಮೆಯ ಕೆಲಸ, ಯಾರಾದರೂ ಮಾಡಬಹುದು. ಒಂದೇ ದಿನ, ಒಂದೇ ವಿಮಾನದಲ್ಲಿ ನಾಲ್ಕು ಸೀಟು ಹೊಂದಿಸುವುದು ಬೇರೆಯದೇ ಕೆಲಸ.

ವಿಮಾನದಲ್ಲಿ ಮುನ್ನೂರು ಸೀಟು ಇದ್ದರೂ ಕಡಿಮೆ ಮೈಲಿನ ದರಕ್ಕೆ ಕಂಪನಿ ಬಿಡುವುದು ಬೆರಳೆಣಿಕೆಯಷ್ಟು. ಬಿಸಿನೆಸ್ ಕ್ಲಾಸ್‌ನಲ್ಲಿ ಬಹಳ ಸಲ ಎರಡೇ. ಗಂಡ ಹೆಂಡತಿ ಮಾತ್ರ ಹೋಗುವುದಾದರೆ ಸಾಕು, ಮಕ್ಕಳು ಬಂದ ಮೇಲೆ ಸಾಲದು. ನೀವು ನಾಲ್ಕು ಸೀಟು ಕೇಳಿದಾಗ ಮೂರು ಮಾತ್ರ ಇದ್ದರೆ, ಕಂಪ್ಯೂಟರ್ "ಮೂರಿವೆ" ಎಂದು ಹೇಳುವ ಸೌಜನ್ಯ ತೋರುವುದಿಲ್ಲ. ಒಂದೋ ಏನೂ ಇಲ್ಲ ಎನ್ನುತ್ತದೆ, ಇಲ್ಲವೇ ನಾಲ್ಕಕ್ಕೂ ದುಬಾರಿ ದರ ತೋರಿಸುತ್ತದೆ. ಆದ್ದರಿಂದ ಮೊದಲು ಒಬ್ಬರಿಗೆ ಹುಡುಕಿ, ಆಮೇಲೆ ಇಬ್ಬರಿಗೆ, ಮೂವರಿಗೆ. ದರ ಯಾವ ಸಂಖ್ಯೆಯಲ್ಲಿ ಹಾರುತ್ತದೆಯೋ ಅಲ್ಲಿಗೆ ಅಗ್ಗದ ಸೀಟು ಮುಗಿದಿದೆ ಎಂದು ಅರ್ಥ.

ಆಗ ಮನೆಯವರನ್ನು ಹೇಗೆ ಹಂಚುವುದು? ನಾವು ಮೂರು ಬಗೆಯಲ್ಲಿ ಮಾಡಿದ್ದೇವೆ. ಮೊದಲನೆಯ ಸಲ ಮೂವರಿಗೆ ಮೈಲು, ಒಬ್ಬರಿಗೆ ನಗದು. ಎರಡನೆಯ ಸಲ ಅಪ್ಪ ಅಮ್ಮ ಬಿಸಿನೆಸ್ ಕ್ಲಾಸ್, ನಾವು ನಾಲ್ವರು ಹಿಂದೆ ಎಕಾನಮಿ. ಮಂಡಿನೋವಿನ ಅಮ್ಮನಿಗೆ ಕಾಲು ಚಾಚಿ ಮಲಗುವ ಸೀಟು ಸಿಕ್ಕಿದ್ದು ನಮ್ಮ ಮೈಲುಗಳಿಂದ ಆದ ಅತ್ಯುತ್ತಮ ಉಪಯೋಗ ಎಂದು ಈಗಲೂ ಅನ್ನಿಸುತ್ತದೆ. ಮೂರನೆಯ ಸಲ ನಾನು ಮಗನೊಂದಿಗೆ ಒಂದು ದಿನ, ಹೆಂಡತಿ ಮಗಳೊಂದಿಗೆ ಮರುದಿನ. ಇದು ಹೇಳಲು ಸುಲಭ. ನಡುವಿನ ಆ ಒಂದು ದಿನ ಮನೆಯಲ್ಲಿ ಯಾರೂ ನನ್ನೊಂದಿಗೆ ಸರಿಯಾಗಿ ಮಾತನಾಡಲಿಲ್ಲ.

ಹಂಚುವಾಗ ಒಂದು ಎಚ್ಚರ: ಹನ್ನೆರಡು ವರ್ಷದೊಳಗಿನ ಮಗು ಒಂಟಿಯಾಗಿ ಒಂದು ಪಿಎನ್‌ಆರ್‌ನಲ್ಲಿ ಉಳಿಯಬಾರದು. ಪ್ರತಿ ಪಿಎನ್‌ಆರ್‌ನಲ್ಲೂ ಒಬ್ಬ ದೊಡ್ಡವರಿರಲಿ. ಟಿಕೆಟ್ ಆದ ಮೇಲೆ ಕಂಪನಿಗೆ ಫೋನ್ ಮಾಡಿ ಎರಡನ್ನೂ ಒಂದಕ್ಕೊಂದು ಜೋಡಿಸಿ ಎಂದು ಕೇಳಿ. ವಿಮಾನ ರದ್ದಾದರೆ ಎಲ್ಲರನ್ನೂ ಒಟ್ಟಿಗೆ ಕಳುಹಿಸುವ ಸಾಧ್ಯತೆ ಇದರಿಂದ ಹೆಚ್ಚುತ್ತದೆ, ಖಾತರಿಯಂತೂ ಅಲ್ಲ.

ಎಷ್ಟು ಮುಂಚೆ ಹುಡುಕಬೇಕು?

ಕುಟುಂಬವಾದರೆ ಸೀಟು ತೆರೆಯುವ ದಿನವೇ. ಕಂಪನಿಗಳು ಹೆಚ್ಚುಕಡಿಮೆ ಹನ್ನೊಂದು ತಿಂಗಳ ಮುಂಚೆ ಟಿಕೆಟ್ ತೆರೆಯುತ್ತವೆ: ಅಮೆರಿಕನ್ 331 ದಿನ, ಯುನೈಟೆಡ್ 337, ಬ್ರಿಟಿಷ್ ಏರ್‌ವೇಸ್ ಮತ್ತು ಸಿಂಗಪುರ್ ಏರ್‌ಲೈನ್ಸ್ 355. ಬ್ರಿಟಿಷ್ ಏರ್‌ವೇಸ್ ತನ್ನ ದೂರದ ವಿಮಾನಗಳಲ್ಲಿ ಮೈಲಿನವರಿಗೆಂದು ಇಂತಿಷ್ಟು ಸೀಟು ಖಚಿತವಾಗಿ ಬಿಡುತ್ತೇನೆಂದು ಮಾತು ಕೊಟ್ಟಿದೆ. ನಾಲ್ವರ ಸಂಸಾರಕ್ಕೆ ಇದು ದೊಡ್ಡ ಅನುಕೂಲ, ಆದರೆ ಮೊದಲು ಬಂದವರಿಗೇ ಸಿಗುವಂಥದ್ದು.

ಹೋಗುವ ಟಿಕೆಟ್ ತೆರೆದ ದಿನ ಬರುವ ಟಿಕೆಟ್ ಇನ್ನೂ ತೆರೆದಿರುವುದಿಲ್ಲ. ಹಾಗಾಗಿ ಎರಡನ್ನೂ ಬೇರೆ ಬೇರೆಯಾಗಿ ಕೊಳ್ಳಿ. ಹೋಗುವಾಗ ಒಂದು ಯೋಜನೆಯ ಮೈಲು, ಬರುವಾಗ ಇನ್ನೊಂದರದು ಎಂದರೂ ಅಡ್ಡಿಯಿಲ್ಲ.

ಇನ್ನು ಕಾಲ. ಜೂನ್, ಜುಲೈ, ಡಿಸೆಂಬರ್ ತಿಂಗಳಲ್ಲಿ ಅಲ್ಲಿನ ಶಾಲೆಗಳಿಗೂ ರಜೆ. ಅಲ್ಲಿರುವ ನಮ್ಮವರೆಲ್ಲ ಊರಿಗೆ ಬರುವ ಕಾಲ. ಏಪ್ರಿಲ್‌, ಮೇ ಇಲ್ಲಿನ ಬೇಸಿಗೆ ರಜೆ, ಮಕ್ಕಳ ಬಾಣಂತನಕ್ಕೆ ಹೊರಟ ಅಜ್ಜಿಯರೂ ಆಗಲೇ ಹೊರಡುತ್ತಾರೆ. ನಾನು ಶಿಫಾರಸು ಮಾಡುವುದು ದಸರಾ ರಜೆಯನ್ನು. ಆಗ ಅಮೆರಿಕ, ಯುರೋಪಿನಲ್ಲಿ ಶಾಲೆಗಳು ನಡೆಯುತ್ತಿರುತ್ತವೆ, ಬೇಸಿಗೆ ನೂಕುನುಗ್ಗಲು ಮುಗಿದಿರುತ್ತದೆ. ಬೊಂಬೆ ಕೂರಿಸುವ ಮನೆಯಾದರೆ ಅಮ್ಮನನ್ನು ಒಪ್ಪಿಸುವುದು ನಿಮಗೆ ಬಿಟ್ಟದ್ದು.

ಮಂಗಳವಾರ ಅಥವಾ ಬುಧವಾರ ಹೊರಡಲು ಸಿದ್ಧರಿದ್ದರೆ ಇನ್ನಷ್ಟು ಸಲೀಸು.

ಬೆಂಗಳೂರಿನಿಂದ ಹೊರಡುವವರು ಯಾವ ಯೋಜನೆಗೆ ಸೇರಬೇಕು?

ಕಂಪನಿಗಿಂತ ಅದು ಸೇರಿರುವ ವಿಮಾನ ಕಂಪನಿಗಳ ಕೂಟ ನೋಡಿ. ಸ್ಟಾರ್ ಅಲಯನ್ಸ್ 1997ರಲ್ಲಿ, ಒನ್‌ವರ್ಲ್ಡ್ 1999ರಲ್ಲಿ, ಸ್ಕೈಟೀಮ್ 2000ದಲ್ಲಿ ಹುಟ್ಟಿದವು. ಒಂದು ಕೂಟದ ಯಾವುದೇ ಸದಸ್ಯರ ಮೈಲಿನಿಂದ ಉಳಿದ ಸದಸ್ಯರ ವಿಮಾನ ಹತ್ತಬಹುದು. ಏರ್ ಇಂಡಿಯಾ 2014ರ ಜುಲೈನಲ್ಲಿ ಸ್ಟಾರ್ ಸೇರಿತು. ಲುಫ್ತಾನ್ಸಾ, ಸಿಂಗಪುರ್, ಯುನೈಟೆಡ್, ಏರ್ ಕೆನಡಾ ಅಲ್ಲೇ ಇವೆ. ಬ್ರಿಟಿಷ್ ಏರ್‌ವೇಸ್, ಕತಾರ್, ಕ್ಯಾಥೆ ಪೆಸಿಫಿಕ್, ಜಪಾನ್ ಏರ್‌ಲೈನ್ಸ್, ಕ್ವಾಂಟಾಸ್ ಒನ್‌ವರ್ಲ್ಡ್‌ನಲ್ಲಿ. ಏರ್ ಫ್ರಾನ್ಸ್, ಕೆಎಲ್‌ಎಂ, ಡೆಲ್ಟಾ, 2023ರಿಂದ ವರ್ಜಿನ್ ಅಟ್ಲಾಂಟಿಕ್ ಸ್ಕೈಟೀಮ್‌ನಲ್ಲಿ. ಎಮಿರೇಟ್ಸ್ ಯಾವ ಕೂಟಕ್ಕೂ ಸೇರಿಲ್ಲ.

ನಮ್ಮಲ್ಲಿ ಬಹಳ ಜನ ಏರ್ ಇಂಡಿಯಾದಲ್ಲಿ ಹಾರಿದ್ದನ್ನು ಅದರ ಖಾತೆಗೇ ಹಾಕುತ್ತಾರೆ. ಹಾಗೆ ಮಾಡಲೇಬೇಕೆಂದೇನಿಲ್ಲ, ಸ್ಟಾರ್ ಕೂಟದ ಇನ್ನೊಂದು ಖಾತೆಗೂ ಹಾಕಬಹುದು. ಆದರೆ ಐದು ಕಡೆ ಐದೈದು ಸಾವಿರ ಇಟ್ಟುಕೊಂಡರೆ ಯಾವುದಕ್ಕೂ ಒದಗುವುದಿಲ್ಲ. ಒಂದು, ಹೆಚ್ಚೆಂದರೆ ಎರಡು ಕೂಟ ಸಾಕು.

ಕ್ರೆಡಿಟ್ ಕಾರ್ಡಿನ ಪಾಯಿಂಟ್‌ಗಳನ್ನು ಈಗಲೇ ಮೈಲಾಗಿ ಬದಲಿಸಿಕೊಳ್ಳಲೇ?

ಬೇಡ. ಬೇಡ. ಎರಡು ಸಲ ಬರೆದದ್ದು ಬೇಕೆಂದೇ.

ಕಾರ್ಡಿನಲ್ಲಿರುವ ತನಕ ಆ ಪಾಯಿಂಟ್ ಹತ್ತಾರು ಯೋಜನೆಗಳಿಗೆ ಹೋಗಬಹುದು. ಒಮ್ಮೆ ಒಂದು ವಿಮಾನ ಕಂಪನಿಗೆ ಕಳುಹಿಸಿದರೆ ಹಿಂದಕ್ಕೆ ಬರುವುದಿಲ್ಲ. ಕೆಲವು ವರ್ಗಾವಣೆಗಳು ನಿಮಿಷಗಳಲ್ಲಿ ಮುಗಿಯುತ್ತವೆ, ಕೆಲವಕ್ಕೆ ದಿನಗಳೇ ಬೇಕು. ನಾನೊಮ್ಮೆ ಒಂದು ಕಂಪನಿಯ ಜಾಲತಾಣದಲ್ಲಿ ನಾಲ್ಕು ಸೀಟು ಕಂಡ ಹುಮ್ಮಸ್ಸಿನಲ್ಲಿ ಒಂದೂವರೆ ಲಕ್ಷ ಪಾಯಿಂಟ್ ಕಳುಹಿಸಿದೆ. ಅವು ಬಂದು ಸೇರಿದ್ದು ಮೂರನೆಯ ದಿನ. ಅಷ್ಟರಲ್ಲಿ ಸೀಟು ಮಾಯ. ಫೋನ್ ಮಾಡಿ ಕೇಳಿದರೆ, ಅವು ಇದ್ದದ್ದೇ ಇಲ್ಲ, ಪರದೆಯ ಮೇಲೆ ತಪ್ಪಾಗಿ ಕಂಡಿರಬೇಕು ಎಂದರು. ಆ ಮೈಲುಗಳನ್ನು ಖರ್ಚು ಮಾಡಲು ಮುಂದೆ ಎರಡು ವರ್ಷ ಬೇಕಾಯಿತು.

ಅಂದಿನಿಂದ ನನ್ನ ಕ್ರಮ ಹೀಗೆ: ಸೀಟು ಕಂಡ ಮೇಲೆ ಅದೇ ಕೂಟದ ಇನ್ನೊಂದು ಕಂಪನಿಯ ತಾಣದಲ್ಲೂ ಅದೇ ವಿಮಾನ ತೋರುತ್ತಿದೆಯೇ ನೋಡುತ್ತೇನೆ. ಸಾಧ್ಯವಾದರೆ ಫೋನ್ ಮಾಡಿ ಖಚಿತಪಡಿಸಿಕೊಳ್ಳುತ್ತೇನೆ, ಕೆಲವರು ಸೀಟನ್ನು ಒಂದೆರಡು ದಿನ ತಡೆದಿಡಲೂ ಒಪ್ಪುತ್ತಾರೆ. ಆಮೇಲಷ್ಟೇ ವರ್ಗಾವಣೆ.

ಮತ್ತೊಂದು ಮಾತು. ಪಾಯಿಂಟ್ ಆಸೆಗೆ ಕಾರ್ಡಿನ ಬಾಕಿ ಉಳಿಸಿಕೊಂಡವರಿಗೆ ಈ ಲೆಕ್ಕವೆಲ್ಲ ವ್ಯರ್ಥ. ತಿಂಗಳಿಗೆ ಶೇಕಡಾ ಮೂರೂವರೆಯ ಆಸುಪಾಸಿನ ಬಡ್ಡಿಯನ್ನು ಯಾವ ಮೈಲೂ ತುಂಬಿಕೊಡುವುದಿಲ್ಲ.

ಮನೆಯವರೆಲ್ಲರ ಮೈಲುಗಳನ್ನು ಒಂದೇ ಕಡೆ ಸೇರಿಸಬಹುದೇ?

ಕೆಲವು ಯೋಜನೆಗಳಲ್ಲಿ ಬಹುದು. ಏರೋಪ್ಲಾನ್‌ನಲ್ಲಿ ಎಂಟು ಜನರವರೆಗೆ, ಯುನೈಟೆಡ್‌ನಲ್ಲಿ 2024ರಿಂದ ಐದು ಜನರವರೆಗೆ ಒಂದು ಗುಂಪು ಮಾಡಿಕೊಳ್ಳಬಹುದು. ಏರ್ ಫ್ರಾನ್ಸ್, ಕೆಎಲ್‌ಎಂಗಳ ಫ್ಲೈಯಿಂಗ್ ಬ್ಲೂನಲ್ಲಿಯೂ ಕುಟುಂಬದ ಖಾತೆ ಉಂಟು. ಸಿಂಗಪುರ್ ಏರ್‌ಲೈನ್ಸ್‌ನ ಕ್ರಿಸ್‌ಫ್ಲೈಯರ್‌ನಲ್ಲಿ ಮೈಲು ಕೂಡಿಸಲಾಗದು. ನಿಮ್ಮ ಖಾತೆಯಿಂದ ಬೇರೆಯವರಿಗೆ ಟಿಕೆಟ್ ತೆಗೆಯಲು ಐವರ ಹೆಸರು ನೋಂದಾಯಿಸಬಹುದು. ಆ ಐವರನ್ನು ಯೋಚಿಸಿ ಸೇರಿಸಿ. ಭಾವನ ಹೆಸರು ಮೊದಲು ಹಾಕಿ ಆಮೇಲೆ ಅತ್ತೆಗೆ ಜಾಗವಿಲ್ಲದಂತಾದರೆ ಪ್ರಯಾಣಕ್ಕಿಂತ ದೊಡ್ಡ ಸಮಸ್ಯೆ.

ಯೋಜನೆ ಯಾವುದೇ ಇರಲಿ, ಹಾರುವ ಪ್ರತಿಯೊಬ್ಬರಿಗೂ ಖಾತೆ ತೆರೆಯಿರಿ. ಹಾರಿದ ಮೈಲು ಹಾರಿದವರ ಹೆಸರಿಗೇ ಬೀಳುತ್ತದೆ. ನಮ್ಮ ಅಪ್ಪ ಅಮ್ಮ ಖಾತೆಯೇ ಇಲ್ಲದೆ ಎರಡು ಸಲ ಅಮೆರಿಕ ನೋಡಿ ಬಂದರು.

ಮಕ್ಕಳಿಗೆ ಅರ್ಧ ಮೈಲು ಸಾಕೇ?

ಬಸ್ಸಿನಲ್ಲಿ ಅರ್ಧ ಟಿಕೆಟ್ ಕೇಳಿ ಬೆಳೆದವರ ಪ್ರಶ್ನೆ ಇದು. ಬಹುತೇಕ ಯೋಜನೆಗಳಲ್ಲಿ ಎರಡು ವರ್ಷ ತುಂಬಿದ ಮಗುವಿಗೂ ದೊಡ್ಡವರಷ್ಟೇ ಮೈಲು. ಅಪವಾದವಾಗಿ ಫ್ಲೈಯಿಂಗ್ ಬ್ಲೂ 2ರಿಂದ 11 ವರ್ಷದವರಿಗೆ ಶೇಕಡಾ 25 ರಿಯಾಯಿತಿ ಕೊಡುತ್ತದೆ.

ಎರಡು ವರ್ಷದೊಳಗಿನ ಮಗು ಮಡಿಲಲ್ಲಿ ಕುಳಿತರೂ ಅದಕ್ಕೆ ಟಿಕೆಟ್ ಬೇಕು. ಏರೋಪ್ಲಾನ್ 25 ಕೆನಡಾ ಡಾಲರ್ ಇಲ್ಲವೇ 2,500 ಪಾಯಿಂಟ್ ಕೇಳುತ್ತದೆ. ಬ್ರಿಟಿಷ್ ಏರ್‌ವೇಸ್ ದೊಡ್ಡವರ ಮೈಲಿನ ಹತ್ತನೇ ಒಂದು ಭಾಗ ಕೇಳುತ್ತದೆ. ಇನ್ನು ಕೆಲವರು ಆ ದಿನದ ನಗದು ದರದ ಶೇಕಡಾ 10 ಕೇಳುತ್ತಾರೆ. ಬಿಸಿನೆಸ್ ಕ್ಲಾಸ್ ದರ ನಾಲ್ಕು ಲಕ್ಷವಿದ್ದರೆ ಮಡಿಲ ಕೂಸಿಗೆ ನಲವತ್ತು ಸಾವಿರ! ಟಿಕೆಟ್ ಮಾಡುವ ಮುಂಚೆಯೇ ಇದನ್ನು ಕೇಳಿಕೊಳ್ಳಿ. ಹೋದಲ್ಲಿಯೇ ಮಗುವಿಗೆ ಎರಡು ತುಂಬಿದರೆ ಹಿಂದಿರುಗುವಾಗ ಪೂರ್ತಿ ಸೀಟು ಬೇಕು ಎಂಬುದನ್ನೂ ಮರೆಯಬಾರದು.

ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದೆ, ಮೈಲು ಖಾತೆಯಲ್ಲಿ ಇನಿಷಿಯಲ್ ಇದೆ. ತೊಂದರೆಯೇ?

ತೊಂದರೆಯೇ. ಮನೆತನದ ಹೆಸರಿಲ್ಲದ, ಊರು ಮತ್ತು ಅಪ್ಪನ ಹೆಸರಿನ ಮೊದಲಕ್ಷರ ಹೊತ್ತು ಬೆಳೆದ ನಮ್ಮವರಿಗೆ ಇದು ಹಳೆಯ ಕಾಟ. ಅಮೆರಿಕದ ವೀಸಾದಲ್ಲಿ ಒಂದೇ ಹೆಸರಿದ್ದವರಿಗೆ ಮೊದಲ ಹೆಸರಿನ ಜಾಗದಲ್ಲಿ "ಎಫ್‌ಎನ್‌ಯು" ಎಂದು ಅಚ್ಚಾಗಿ ಬರುತ್ತದೆ. ಮೊದಲ ಹೆಸರು ಗೊತ್ತಿಲ್ಲ ಎಂದು ಅದರ ಅರ್ಥ. ಎಪ್ಪತ್ತು ವರ್ಷ ಒಂದೇ ಹೆಸರಿನಲ್ಲಿ ಬಾಳಿದ ನನ್ನ ಅಪ್ಪನಿಗೆ ಇದನ್ನು ವಿವರಿಸುವುದರೊಳಗೆ ಸಾಕಾಯಿತು. ಯುಎಇ 2022ರ ನವೆಂಬರ್‌ನಿಂದ ಒಂದೇ ಹೆಸರಿನ ಪಾಸ್‌ಪೋರ್ಟ್ ಹೊಂದಿದವರಿಗೆ ಪ್ರವಾಸಿ ವೀಸಾ ಪ್ರವೇಶವನ್ನೇ ನಿರಾಕರಿಸುವ ನಿಯಮ ತಂದಿತು.

ಮೈಲು ಖಾತೆ ತೆರೆಯುವಾಗಲೇ ಪಾಸ್‌ಪೋರ್ಟ್ ಮುಂದಿಟ್ಟುಕೊಂಡು, ಅಕ್ಷರಕ್ಕೆ ಅಕ್ಷರ ಅದರಂತೆಯೇ ಬರೆಯಿರಿ. ಖಾತೆಗೂ ಟಿಕೆಟ್‌ಗೂ ಹೆಸರು ತಾಳೆಯಾಗದಿದ್ದರೆ ಹಾರಿದ ಮೈಲು ಜಮೆಯಾಗುವುದಿಲ್ಲ, ಕಾರ್ಡಿನಿಂದ ಪಾಯಿಂಟ್ ಬರುವುದೂ ತಡೆಯಬಹುದು.

ಮೈಲು ಕೊಡುವುದು ಲಾಭವೋ, ಹಣ ಕೊಡುವುದೋ?

ಒಂದು ಸಣ್ಣ ಲೆಕ್ಕ. ನಗದು ದರದಿಂದ ಮೈಲು ಟಿಕೆಟ್‌ಗೆ ಕಟ್ಟಬೇಕಾದ ತೆರಿಗೆ ಕಳೆದು, ಉಳಿದದ್ದನ್ನು ಮೈಲುಗಳ ಸಂಖ್ಯೆಯಿಂದ ಭಾಗಿಸಿ. ಉದಾಹರಣೆಗೆ ಒಂದು ಕಡೆಗೆ ನಗದು 70,000 ರೂಪಾಯಿ, ಮೈಲಿನಲ್ಲಿ 50,000 ಮೈಲು ಮತ್ತು 10,000 ರೂಪಾಯಿ ಎಂದಿರಲಿ. ಒಂದು ಮೈಲಿಗೆ 1 ರೂಪಾಯಿ 20 ಪೈಸೆ ಬಂತು. ಅದೇ ತೆರಿಗೆ 30,000 ಇದ್ದರೆ 80 ಪೈಸೆಗೆ ಇಳಿಯಿತು. ನಿಮ್ಮ ಕಾರ್ಡು ಅದೇ ಪಾಯಿಂಟ್‌ಗೆ ಬೇರೆ ರೀತಿಯಲ್ಲಿ ಒಂದು ರೂಪಾಯಿ ಕೊಡುವಂತಿದ್ದರೆ ಎರಡನೆಯದು ನಷ್ಟ.

ಇಲ್ಲಿ ಜನ ಎರಡು ಕಡೆ ಎಡವುತ್ತಾರೆ. ಒಂದು ಕಡೆಯ ಟಿಕೆಟ್‌ನ ನಗದು ದರ ಬಹಳ ಸಲ ಹೋಗಿಬರುವ ಟಿಕೆಟ್‌ನ ಅರ್ಧಕ್ಕಿಂತ ಎಷ್ಟೋ ಹೆಚ್ಚಿರುತ್ತದೆ. ಹೋಲಿಸುವಾಗ ಹೋಗಿಬರುವ ದರದ ಅರ್ಧವನ್ನೇ ತೆಗೆದುಕೊಳ್ಳಿ. ಎರಡನೆಯದು, ಬಿಸಿನೆಸ್ ಕ್ಲಾಸ್‌ನ ಮೂರು ಲಕ್ಷದ ದರ ಹಿಡಿದು "ಮೈಲಿಗೆ ನಾಲ್ಕು ರೂಪಾಯಿ ಬಂತು" ಎಂದು ಹಿಗ್ಗುವುದು. ಆ ಮೂರು ಲಕ್ಷವನ್ನು ನೀವು ಕೈಯಿಂದ ಎಂದೂ ಕೊಡುತ್ತಿರಲಿಲ್ಲ. ಕೊಡದ ಹಣವನ್ನು ಉಳಿತಾಯ ಎನ್ನಲಾಗದು. ಆರಾಮ ಬೇಕಿತ್ತು, ಕೊಂಡೆವು ಎಂದರೆ ಸಾಕು.

ದೆಹಲಿಯಿಂದ ಸೀಟು ಇದೆ. ಬೆಂಗಳೂರಿನಿಂದ ಅಲ್ಲಿಯವರೆಗೆ ಬೇರೆ ಟಿಕೆಟ್ ಮಾಡಿಕೊಳ್ಳಲೇ?

ಮಾಡಬಹುದು, ಕಣ್ಣು ತೆರೆದು ಮಾಡಿ. ಬೇರೆ ಬೇರೆ ಟಿಕೆಟ್ ಆದ್ದರಿಂದ ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಯಾರೂ ಹೊಣೆಯಲ್ಲ. ಡಿಸೆಂಬರ್, ಜನವರಿಯ ದೆಹಲಿಯ ಮಂಜು ಗೊತ್ತೇ ಇದೆ. ನಾನಾದರೆ ಹಿಂದಿನ ದಿನವೇ ಹೋಗಿ ಉಳಿಯುತ್ತೇನೆ.

ಸಾಮಾನಿನ ಲೆಕ್ಕ ಇನ್ನೂ ಬಿಗಿ. ಅಮೆರಿಕದ ವಿಮಾನಗಳಲ್ಲಿ ಸಾಮಾನ್ಯವಾಗಿ ಒಬ್ಬರಿಗೆ 23 ಕಿಲೋ ತೂಕದ ಎರಡು ಪೆಟ್ಟಿಗೆ. ದೇಶದೊಳಗಿನ ಎಕಾನಮಿಯಲ್ಲಿ ಹೆಚ್ಚಾಗಿ 15 ಕಿಲೋ. ಚಟ್ನಿಪುಡಿ, ಸಾರಿನ ಪುಡಿ, ಹಪ್ಪಳ, ಸಂಡಿಗೆ, ಅಕ್ಕನ ಮಗಳಿಗೆ ರೇಷ್ಮೆ ಲಂಗ ಎಂದು ತುಂಬಿಸಿಕೊಂಡ ನಾಲ್ವರ ಹೆಚ್ಚುವರಿ ತೂಕಕ್ಕೆ ದೇಶದೊಳಗಿನ ವಿಮಾನದವರು ಕಿಲೋಗೆ ಇಷ್ಟೆಂದು ಎಣಿಸುತ್ತಾರೆ. ಮೈಲಿನಲ್ಲಿ ಉಳಿಸಿದ್ದು ಅಲ್ಲಿ ಕರಗುತ್ತದೆ.

ಅಪ್ಪ ಅಮ್ಮನಿಗೆ ಸಸ್ಯಾಹಾರ, ಗಾಲಿಕುರ್ಚಿ ಬೇಕು. ಮೈಲು ಟಿಕೆಟ್‌ಗೆ ಕೊಡುತ್ತಾರೆಯೇ?

ಹಣ ಕೊಟ್ಟವರಿಗೆ ಕೊಡುವಂತೆಯೇ ಕೊಡುತ್ತಾರೆ. ಆದರೆ ಒಂದು ಕಂಪನಿಯ ಮೈಲಿನಿಂದ ಇನ್ನೊಂದರ ವಿಮಾನದಲ್ಲಿ ಹೋಗುವಾಗ ಪಿಎನ್‌ಆರ್ ಎರಡು ಇರುತ್ತವೆ. ನಿಮ್ಮ ಕೈಗೆ ಬರುವುದು ಮೈಲು ಕಂಪನಿಯದು. ಊಟ, ಸೀಟು, ಗಾಲಿಕುರ್ಚಿ ಕೇಳಬೇಕಾದದ್ದು ವಿಮಾನ ಹಾರಿಸುವ ಕಂಪನಿಯನ್ನು, ಅದರ ಪಿಎನ್‌ಆರ್ ಹೇಳಿ. ಫೋನ್ ಮಾಡಿ ಕೇಳಿದರೆ ಕೊಡುತ್ತಾರೆ. ಊಟಕ್ಕೆ "ಏಷ್ಯನ್ ವೆಜಿಟೇರಿಯನ್" ಎಂದೇ ಹೇಳಿ. ಬರೇ "ಹಿಂದೂ ಊಟ" ಎಂದರೆ ಅದು ಮಾಂಸಾಹಾರ. ಅಮ್ಮನ ಮುಂದೆ ಕೋಳಿ ಬಂದಾಗ ಹದಿನಾಲ್ಕು ಗಂಟೆಯ ಹಾರಾಟದಲ್ಲಿ ಇನ್ನೂ ಹನ್ನೆರಡು ಬಾಕಿ ಇದ್ದವು.

ದಾರಿಯಲ್ಲಿ ವಿಮಾನ ಬದಲಿಸುವ ದೇಶಕ್ಕೆ ಟ್ರಾನ್ಸಿಟ್ ವೀಸಾ ಬೇಕೇ ಎಂಬುದನ್ನು ಟಿಕೆಟ್‌ಗೆ ಮುಂಚೆ ಆಯಾ ದೇಶದ ಅಧಿಕೃತ ತಾಣದಲ್ಲಿ ನೋಡಿ. ನೆಂಟರ ಅನುಭವವನ್ನು ನಂಬಿ ಹೊರಡಬೇಡಿ, ಈ ನಿಯಮಗಳು ಆಗಾಗ ಬದಲಾಗುತ್ತವೆ.

ಕೊರತೆಯಾದ ಮೈಲುಗಳನ್ನು ಕೊಳ್ಳಬಹುದೇ?

ಕಂಪನಿಯಿಂದಲೇ, ಒಂದೆರಡು ಸಾವಿರ ಕಡಿಮೆ ಬಿದ್ದಾಗ, ಕೊಳ್ಳಬಹುದು. ದಲ್ಲಾಳಿಗಳಿಂದ ಬೇಡ. ಯಾರದೋ ಖಾತೆಯ ಮೈಲಿನಿಂದ ಅರ್ಧ ಬೆಲೆಗೆ ಟಿಕೆಟ್ ಕೊಡುತ್ತೇನೆ ಎನ್ನುವವರಿದ್ದಾರೆ. ಮೈಲು ಮಾರುವುದು ಯೋಜನೆಗಳ ನಿಯಮಕ್ಕೆ ವಿರುದ್ಧ. ಕಂಪನಿಗೆ ಸುಳಿವು ಸಿಕ್ಕರೆ ಟಿಕೆಟ್ ರದ್ದಾಗುವುದು ನೀವು ಮಕ್ಕಳೊಂದಿಗೆ ಚೆಕ್‌ಇನ್ ಸಾಲಿನಲ್ಲಿ ನಿಂತಾಗ.

ಮೈಲುಗಳಿಗೆ ಅವಧಿ ಇದೆಯೇ? "ಇಂದು ರಾತ್ರಿ ಮುಗಿಯುತ್ತದೆ" ಎಂದು ಸಂದೇಶ ಬಂದಿದೆ.

ಮೊದಲು ಆ ಸಂದೇಶದ ಕೊಂಡಿಯನ್ನು ಒತ್ತಬೇಡಿ. ಇದು ಈಗ ವಂಚಕರ ಸಾಮಾನ್ಯ ಬಲೆ. ನೀವೇ ಖಾತೆ ತೆರೆದು ನೋಡಿ. ಒಟಿಪಿ ಕೊಟ್ಟು ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಅವಧಿಯ ವಿಷಯ: ಯುನೈಟೆಡ್ ಮೈಲುಗಳಿಗೆ ಅವಧಿ ಇಲ್ಲ. ಕ್ರಿಸ್‌ಫ್ಲೈಯರ್‌ನಲ್ಲಿ ಗಳಿಸಿ ಮೂರು ವರ್ಷಕ್ಕೆ ಮುಗಿಯುತ್ತದೆ. ಬ್ರಿಟಿಷ್ ಏರ್‌ವೇಸ್‌ನಲ್ಲಿ ಮೂರು ವರ್ಷ, ಏರೋಪ್ಲಾನ್‌ನಲ್ಲಿ ಹದಿನೆಂಟು ತಿಂಗಳು ಖಾತೆ ಅಲುಗಾಡದಿದ್ದರೆ ಹೋಗುತ್ತದೆ. ಈ ಕೊನೆಯ ಎರಡರಲ್ಲಿ ನಡುವೆ ಕಾರ್ಡಿನಿಂದ ಒಂದಿಷ್ಟು ಪಾಯಿಂಟ್ ಕಳುಹಿಸಿದರೂ ಗಡಿಯಾರ ಮತ್ತೆ ಮೊದಲಿನಿಂದ ಶುರು.

ಮಗನ ಪರೀಕ್ಷೆಯ ದಿನಾಂಕ ಬದಲಾಯಿತು. ರದ್ದು ಮಾಡಿದರೆ ಎಲ್ಲವೂ ಹೋಗುತ್ತದೆಯೇ?

ಇಲ್ಲಿ ಮೈಲು ಟಿಕೆಟ್‌ ನಗದು ಟಿಕೆಟ್‌ಗಿಂತ ಮೇಲು. ಬಹುತೇಕ ಯೋಜನೆಗಳಲ್ಲಿ ಒಂದು ಶುಲ್ಕ ಹಿಡಿದು, ಕೆಲವೆಡೆ ಶುಲ್ಕವೇ ಇಲ್ಲದೆ, ಮೈಲು ಮತ್ತು ತೆರಿಗೆ ಮರಳಿಸುತ್ತಾರೆ. ಶುಲ್ಕ ಸಾಮಾನ್ಯವಾಗಿ ಒಬ್ಬೊಬ್ಬರಿಗೆ, ಆದ್ದರಿಂದ ನಾಲ್ಕರಿಂದ ಗುಣಿಸಿ ನೋಡಿ. ವಿಮಾನ ಹೊರಟ ಮೇಲೆ ಕೇಳಿದರೆ ಪ್ರಯೋಜನವಿಲ್ಲ.

ಮೈಲು ಟಿಕೆಟ್‌ನಲ್ಲಿ ಹಾರಿದ್ದಕ್ಕೆ ಮತ್ತೆ ಮೈಲು ಬರುತ್ತದೆಯೇ?

ಸಾಮಾನ್ಯವಾಗಿ ಇಲ್ಲ. ನನ್ನ ಅಪ್ಪ ಇದನ್ನು ಪ್ರತಿ ಸಲ ಕೇಳುತ್ತಾರೆ.